ಹತ್ತು ಸೆಕೆಂಡಾ, ಅರೆ ನಿಮಿಷವಾ? ಜೋರಿನ ವ್ಯಾಯಾಮ ಆರಿಸಿಕೊಳ್ಳುವ ಮುಂಚೆ

ಕಳೆದ ತಿಂಗಳು ನಮ್ಮ ಕಾಸರಗೋಡಿನ ಬದಿಯಡ್ಕದಿಂದ ಬಾವನ ಫೋನು. "ಎಂತ ಬಾವ, ಬರೀ ನಡೆದರೆ ಸಾಲದಂತೆ, ವಾರಕ್ಕೆ ಎರಡು ಸಲ ಸ್ವಲ್ಪ ಜೋರಿನದ್ದೂ ಮಾಡಬೇಕಂತೆ. ಡಾಕ್ಟರ್ರು ಹೇಳಿದರು. ನಾನು ಜಿಮ್ಮಿಗೆ ಸೇರುವುದಾ, ಗುಡ್ಡೆ ಓಡುವುದಾ, ಹಗ್ಗ ಹಾರುವುದಾ?" ಬಾವನಿಗೆ 44 ವರ್ಷ. ಕೂತು ಮಾಡುವ ಕೆಲಸ, ಗಡಿಯಲ್ಲಿ ನಿಂತಿರುವ ಬಿಪಿ. ಅದೇ ವಾರ ಅಕ್ಕನ ಮಗ ಬಂದಿದ್ದ. ಹತ್ತೊಂಬತ್ತರ ಹುಡುಗ, ಕಬಡ್ಡಿಯ ಹುಚ್ಚು. ಮೊಬೈಲಿನಲ್ಲಿ 'ತಬಾಟಾ' ಎಂಬ ವಿಡಿಯೊ ತೋರಿಸಿ, "ಮಾವ, ದಿನಕ್ಕೆ ನಾಲ್ಕೇ ನಿಮಿಷ ಸಾಕಂತೆ, ಹೌದಾ?" ಅಂದ.

ಇಬ್ಬರೂ ಕೇಳಿದ್ದು ಅನೆರೋಬಿಕ್ ವ್ಯಾಯಾಮದ ಬಗ್ಗೆಯೇ. ಆದರೆ ಇಬ್ಬರಿಗೂ ಒಂದೇ ಉತ್ತರ ಕೊಟ್ಟರೆ ಒಬ್ಬರಿಗೆ ಮೋಸ ಆಗುತ್ತದೆ. ನಾನು ಹಿಂದೆ ಊರಿನ ತಂಡದಲ್ಲಿ ಕಬಡ್ಡಿ ಆಡಿದವ, ಈಗ ಸ್ವಲ್ಪ ಅಡಿಕೆ ತೋಟ ನೋಡಿಕೊಂಡು ಸಂಜೆ ಹುಡುಗರಿಗೆ ಆಟ ಹೇಳಿಕೊಡುವವ. ಇಷ್ಟು ವರ್ಷದಲ್ಲಿ ನನಗೆ ಅನ್ನಿಸಿದ್ದು ಇಷ್ಟು: ಜಿಮ್ಮು, ಗುಡ್ಡೆ, ಹಗ್ಗ ಎಂದು ಹೆಸರು ನೋಡಿ ಆರಿಸಿದರೆ ತಲೆಬುಡ ತಿಳಿಯುವುದಿಲ್ಲ. ಗಡಿಯಾರ ನೋಡಿ ಆರಿಸಬೇಕು. ಎಷ್ಟು ಸೆಕೆಂಡು ಪೂರ್ತಿ ಜೋರು, ನಡುವೆ ಎಷ್ಟು ಹೊತ್ತು ಸುಧಾರಿಕೆ, ಈ ಎರಡು ಲೆಕ್ಕ ಗೊತ್ತಾದರೆ ಉಳಿದದ್ದು ಸುಲಭ.

ಉಸಿರು ಕಟ್ಟುವುದು ಅನೆರೋಬಿಕ್ ಅಲ್ಲ

ಅನೆರೋಬಿಕ್ ಅಂದರೆ ಆಮ್ಲಜನಕವಿಲ್ಲದೆ ಎಂದರ್ಥ. ಇದನ್ನು ಕೇಳಿದ ಕೂಡಲೇ ನಮ್ಮ ಕಡೆಯವರಿಗೆ ಕಬಡ್ಡಿ ನೆನಪಾಗುತ್ತದೆ. ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಎನ್ನುತ್ತಾ ನುಗ್ಗುವುದು. ಹಾಗಾಗಿ ಉಸಿರು ಹಿಡಿದು ಮಾಡುವುದೇ ಅನೆರೋಬಿಕ್ ಎಂದು ತುಂಬ ಜನ ನಂಬಿದ್ದಾರೆ. ಹಾಗಲ್ಲ. ಜೋರಾಗಿ ಓಡುವವನ ಮೂಗು ಬಾಯಿ ಎರಡೂ ತೆರೆದೇ ಇರುತ್ತವೆ, ರಕ್ತದಲ್ಲಿ ಆಮ್ಲಜನಕವೂ ಇರುತ್ತದೆ. ಆದರೆ ಆಮ್ಲಜನಕ ಬಳಸಿ ಶಕ್ತಿ ಮಾಡುವ ದಾರಿ ನಿಧಾನ. ಹೃದಯ, ಶ್ವಾಸಕೋಶ ಎಲ್ಲ ವೇಗ ಹಿಡಿಯಲು ಒಂದೆರಡು ನಿಮಿಷ ಬೇಕು. ನಾಯಿ ಅಟ್ಟಿಸಿಕೊಂಡು ಬಂದಾಗ ಒಂದೆರಡು ನಿಮಿಷ ಕಾಯಲು ಆಗುತ್ತದಾ? ಆ ಹೊತ್ತಿಗೆಂದೇ ಸ್ನಾಯುವಿನೊಳಗೆ ಆಮ್ಲಜನಕದ ಹಂಗಿಲ್ಲದ ಬೇರೆ ಎರಡು ದಾರಿಗಳಿವೆ.

ಸ್ನಾಯು ಅಲುಗಲು ಬೇಕಾದದ್ದು ಎಟಿಪಿ ಎಂಬ ಒಂದೇ ವಸ್ತು. ಕುಚ್ಚಲಕ್ಕಿ ಗಂಜಿ ಉಣ್ಣಿ, ಬಂಗುಡೆ ತಿನ್ನಿ, ಕೊನೆಗೆ ಅದು ಎಟಿಪಿ ಆಗಲೇಬೇಕು. ಸಿದ್ಧವಾಗಿ ಇಟ್ಟ ಎಟಿಪಿ ಪೂರ್ತಿ ಜೋರಿನ ಕೆಲಸಕ್ಕೆ ಎರಡು ಮೂರು ಸೆಕೆಂಡು ಸಾಕಾದರೆ ಹೆಚ್ಚು. ಅದರ ಬೆನ್ನಿಗೇ ಕ್ರಿಯಾಟಿನ್ ಫಾಸ್ಫೇಟ್ ಇರುತ್ತದೆ. ಅದು ತನ್ನ ಫಾಸ್ಫೇಟ್ ಬಿಟ್ಟುಕೊಟ್ಟು, ಖರ್ಚಾದ ಎಟಿಪಿಯನ್ನು ಒಂದೇ ಹೆಜ್ಜೆಯಲ್ಲಿ ಮತ್ತೆ ಕಟ್ಟಿಕೊಡುತ್ತದೆ. ಇದರಷ್ಟು ವೇಗದ ದಾರಿ ಮೈಯಲ್ಲಿ ಇನ್ನೊಂದಿಲ್ಲ. ತೊಂದರೆ ಏನೆಂದರೆ ಹತ್ತು ಸೆಕೆಂಡಿನ ಹೊತ್ತಿಗೆ ಅದರ ಬಹುಪಾಲು ಮುಗಿದಿರುತ್ತದೆ. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದಾಗಲೂ ಅವರ ವೇಗ ತುತ್ತತುದಿಗೆ ಹೋದದ್ದು 60 ಮೀಟರಿಂದ 80 ಮೀಟರಿನ ನಡುವೆ. ಕೊನೆಯ ಕೆಲವು ಹೆಜ್ಜೆಯಲ್ಲಿ ಅವರೂ ಇಳಿಮುಖವೇ. ನಮ್ಮ ಪೈವಳಿಕೆಯ ಕಂಬಳ ನೆನಪು ಮಾಡಿಕೊಳ್ಳಿ. ಕೋಣಗಳ ಹಿಂದೆ ಕರೆಯ, ಅಂದರೆ ಓಟದ ಗದ್ದೆಯ, ಕೆಸರಿನಲ್ಲಿ ಓಡುವವನ ಕೆಲಸವೂ ಹತ್ತು ಹದಿನೈದು ಸೆಕೆಂಡಿನದ್ದೇ.

ಖಾಲಿಯಾದ ಕ್ರಿಯಾಟಿನ್ ಫಾಸ್ಫೇಟ್ ಮತ್ತೆ ತುಂಬಿಕೊಳ್ಳುತ್ತದೆ. ಅರೆ ನಿಮಿಷದಲ್ಲಿ ಹೆಚ್ಚುಕಡಿಮೆ ಅರ್ಧ, ಮೂರರಿಂದ ಐದು ನಿಮಿಷದಲ್ಲಿ ಹತ್ತಿರಹತ್ತಿರ ಪೂರ್ತಿ. ಓಡಿದ ಮೇಲೆ ಸೊಂಟಕ್ಕೆ ಕೈ ಕೊಟ್ಟು ಏದುಸಿರು ಬಿಡುತ್ತೇವಲ್ಲ, ಆಗ ಆಗುವ ಕೆಲಸಗಳಲ್ಲಿ ಇದೂ ಒಂದು. ಹತ್ತು ಸೆಕೆಂಡಿನ ಕೆಲಸಕ್ಕೆ ಆಮ್ಲಜನಕ ಬೇಕಾಗಲಿಲ್ಲ ನಿಜ, ಅದರ ಬಿಲ್ಲು ಆಮೇಲೆ ಬಂತು ಅಷ್ಟೆ.

ಅಡಿಕೆ ಕೊಯ್ಲಿನ ಲೆಕ್ಕ

ಎರಡನೆಯ ದಾರಿ ಗ್ಲೈಕಾಲಿಸಿಸ್. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ಜಿಮ್ಮುಗಳಲ್ಲಿ ಅತಿ ಜಾಸ್ತಿ ತಪ್ಪು ಮಾತು ಹುಟ್ಟುವುದು ಇಲ್ಲಿಯೇ.

ಸ್ನಾಯುವಿನಲ್ಲಿ ಶೇಖರವಾಗಿರುವ ಸಕ್ಕರೆಯನ್ನು, ಅಂದರೆ ಗ್ಲೈಕೋಜನ್ನನ್ನು, ಮುರಿದು ಪೈರುವೇಟ್ ಎಂಬ ಸಣ್ಣ ತುಂಡು ಮಾಡುವುದು. ಹತ್ತು ಹೆಜ್ಜೆಯ ಕೆಲಸ. ಒಂದು ಗ್ಲೂಕೋಸಿನಿಂದ ಕೈಗೆ ಉಳಿಯುವುದು ಎರಡು ಎಟಿಪಿ, ಗ್ಲೈಕೋಜನ್ನಿನಿಂದ ಬಂದದ್ದಾದರೆ ಮೂರು. ಅದೇ ಗ್ಲೂಕೋಸನ್ನು ಆಮ್ಲಜನಕ ಬಳಸಿ ಕೊನೆಯವರೆಗೆ ಉರಿಸಿದರೆ 30ರ ಆಸುಪಾಸು. ಅಷ್ಟು ನಷ್ಟದ ವ್ಯಾಪಾರ ಯಾಕೆ ಅಂದರೆ, ವೇಗಕ್ಕೆ. ಆಮ್ಲಜನಕದ ದಾರಿಗಿಂತ ಸುಮಾರು ಎರಡು ಪಟ್ಟು ವೇಗದಲ್ಲಿ ಎಟಿಪಿ ಸಿಗುತ್ತದೆ.

ಈಗ ತೋಟಕ್ಕೆ ಬನ್ನಿ. ಅಡಿಕೆ ಹೆಕ್ಕಲು ನಾಲ್ಕೇ ಬುಟ್ಟಿ ಇವೆ ಅಂದುಕೊಳ್ಳಿ. ತುಂಬಿದ ಬುಟ್ಟಿಯನ್ನು ಮನೆಯಂಗಳಕ್ಕೆ ಹೊತ್ತು ಸುರಿದು ಖಾಲಿ ಬುಟ್ಟಿ ವಾಪಸು ತರಬೇಕು. ಆಗ ಮಾತ್ರ ಹೆಕ್ಕುವ ಕೆಲಸ ಮುಂದುವರಿಯುತ್ತದೆ. ಒಂದು ದಿನ ಕೊಯ್ಲು ವಿಪರೀತ ಜೋರು, ಅಂಗಳಕ್ಕೆ ಹೊರುವವರ ಕೈ ಸಾಲದು. ಆಗ ಏನು ಮಾಡುತ್ತೇವೆ? ಅಲ್ಲೇ ಮರದ ಬುಡದಲ್ಲಿ ಒಂದು ಕಡೆ ಸುರಿದು ಬುಟ್ಟಿ ಖಾಲಿ ಮಾಡಿಕೊಳ್ಳುತ್ತೇವೆ. ಕೆಲಸ ನಿಲ್ಲುವುದಿಲ್ಲ. ರಾಶಿಯನ್ನು ಸಂಜೆ ನಿಧಾನಕ್ಕೆ ಹೊತ್ತರಾಯಿತು.

ಸ್ನಾಯುವಿನಲ್ಲೂ ಇದೇ ನಡೆಯುವುದು. ಬುಟ್ಟಿಯ ಹೆಸರು ಎನ್‌ಎಡಿ. ಅದು ಹೈಡ್ರೋಜನ್ ಹೊತ್ತು ಜೀವಕೋಶದೊಳಗಿನ ಮೈಟೊಕಾಂಡ್ರಿಯ ಎಂಬ ಅಂಗಳಕ್ಕೆ ಒಪ್ಪಿಸಬೇಕು, ಅಂಗಳದಲ್ಲಿ ಆಮ್ಲಜನಕ ಬೇಕು. ಕೆಲಸ ಅತಿ ಜೋರಾದಾಗ ಅಂಗಳದ ಕೈ ಸಾಲುವುದಿಲ್ಲ. ಆಗ ಪೈರುವೇಟೇ ಆ ಹೈಡ್ರೋಜನ್ನನ್ನು ಹೊತ್ತುಕೊಂಡು ಲ್ಯಾಕ್ಟೇಟ್ ಆಗುತ್ತದೆ, ಬುಟ್ಟಿ ಖಾಲಿಯಾಗುತ್ತದೆ, ಗ್ಲೈಕಾಲಿಸಿಸ್ ಮುಂದುವರಿಯುತ್ತದೆ. ಮರದ ಬುಡದ ರಾಶಿಯೇ ಲ್ಯಾಕ್ಟೇಟ್. ಅದು ಕಸವಲ್ಲ, ನಮ್ಮದೇ ಬೆಳೆ. ಆಮೇಲೆ ಹೃದಯದ ಸ್ನಾಯು ಅದನ್ನು ಸಂತೋಷದಿಂದ ಉರಿಸಿಕೊಳ್ಳುತ್ತದೆ. ಪಿತ್ತಜನಕಾಂಗ ಅದರಿಂದ ಮತ್ತೆ ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡುತ್ತದೆ. ಈ ಸುತ್ತಿಗೆ ಕೋರಿ ಚಕ್ರ ಎಂದು ಹೆಸರು. ಅದನ್ನು ತೋರಿಸಿಕೊಟ್ಟ ಕಾರ್ಲ್ ಕೋರಿ ಮತ್ತು ಗರ್ಟಿ ಕೋರಿ ದಂಪತಿಗೆ 1947ರಲ್ಲಿ ನೊಬೆಲ್ ಬಂತು.

ಲ್ಯಾಕ್ಟಿಕ್ ಆಮ್ಲ ಮೊದಲು ಸಿಕ್ಕಿದ್ದು 1780ರಲ್ಲಿ, ಹುಳಿ ಬಂದ ಹಾಲಿನಲ್ಲಿ. ಶೀಲೆ ಎಂಬ ವಿಜ್ಞಾನಿಗೆ. ನಮ್ಮ ದೋಸೆ ಹಿಟ್ಟು ರಾತ್ರಿ ಬೆಳಗಾಗುವುದರೊಳಗೆ ಹುಳಿ ಬರುವುದೂ ಇದರಿಂದಲೇ. ಪಾತ್ರೆಯೊಳಗಿನ ಬ್ಯಾಕ್ಟೀರಿಯ ಮತ್ತು ಗುಡ್ಡೆ ಓಡುವವನ ತೊಡೆ, ಎರಡೂ ಹೆಚ್ಚುಕಡಿಮೆ ಒಂದೇ ಅಡುಗೆ ಮಾಡುತ್ತವೆ.

ಹಾಗಾದರೆ ಮರುದಿನದ ಮೈನೋವು? ಕೆಲವು ವರ್ಷದ ಹಿಂದೆ ನಾನು ಪೇಟೆಯ ಒಂದು ಜಿಮ್ಮಿಗೆ ಸೇರಿದ್ದೆ. ಮೂರನೆಯ ದಿನ ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ. ಅಲ್ಲಿನ ಹುಡುಗ "ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡಿದೆ, ಮಸಾಜ್ ಮಾಡಿಸಿ ಹೊರಗೆ ಹಾಕಬೇಕು" ಎಂದು ಬೇರೆ ದುಡ್ಡು ಕೇಳಿದ. ನಾನೂ ಕೊಟ್ಟೆ. ಲ್ಯಾಕ್ಟೇಟ್ ಅಷ್ಟರಲ್ಲಿ ಎಂದೋ ಹೋಗಿಯಾಗಿತ್ತು. ವ್ಯಾಯಾಮ ಮುಗಿದು ಒಂದು ಗಂಟೆ ಆಗುವುದರೊಳಗೆ ಅದು ಸಾಮಾನ್ಯವಾಗಿ ಮೊದಲಿನ ಮಟ್ಟದ ಹತ್ತಿರ ಬಂದುಬಿಡುತ್ತದೆ. ಒಂದೆರಡು ದಿನ ಬಿಟ್ಟು ಏರುವ ನೋವು, ಅಭ್ಯಾಸವಿಲ್ಲದ ಕೆಲಸದಿಂದ ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಪೆಟ್ಟಿನದ್ದು. ಗುಡ್ಡೆ ಇಳಿಯುವಾಗ, ಭಾರ ಕೆಳಗಿಳಿಸುವಾಗ, ಅಂದರೆ ಸ್ನಾಯು ಉದ್ದಕ್ಕೆ ಚಾಚಿಕೊಳ್ಳುತ್ತಾ ಬಿಗಿ ಹಿಡಿದಿರುವಾಗ ಅದು ಜಾಸ್ತಿ. ಇನ್ನು ಓಡುತ್ತಿರುವಾಗಲೇ ತೊಡೆ ಉರಿದಂತಾಗುವುದು ಬೇರೆ ಸಂಗತಿ. ಆಗ ಸ್ನಾಯುವಿನೊಳಗೆ ಆಮ್ಲೀಯತೆ ಏರಿರುತ್ತದೆ, ಫಾಸ್ಫೇಟ್ ಜಮೆಯಾಗಿರುತ್ತದೆ, ಕುಗ್ಗುವ ಬಲ ತಗ್ಗುತ್ತದೆ.

ಈ ಎರಡನೆಯ ದಾರಿಯ ರಾಜ್ಯಭಾರ ಹತ್ತು ಸೆಕೆಂಡಿನಿಂದ ಹೆಚ್ಚೆಂದರೆ ಎರಡು ನಿಮಿಷ. ಆದರೆ ಸ್ವಿಚ್ ಹಾಕಿದ ಹಾಗೆ ಒಂದು ನಿಂತು ಇನ್ನೊಂದು ಶುರುವಾಗುವುದಿಲ್ಲ. ಮೂರೂ ಮೊದಲ ಕ್ಷಣದಿಂದ ಕೆಲಸದಲ್ಲಿರುತ್ತವೆ, ಪಾಲು ಮಾತ್ರ ಬದಲಾಗುತ್ತದೆ. ಸುಮಾರು 75 ಸೆಕೆಂಡು ಪೂರ್ತಿ ಜೋರಿನಲ್ಲಿ ಓಡಿದರೆ ಆಮ್ಲಜನಕದ ಪಾಲು ಮತ್ತು ಅದಿಲ್ಲದ್ದರ ಪಾಲು ಅರ್ಧರ್ಧ ಆಗುತ್ತದೆ. ಅದಕ್ಕಿಂತ ಮುಂದೆ ಹೋದಷ್ಟೂ ಅದು ನಡಿಗೆಯ ದಾಯಾದಿ.

ತಳೆ ಹಾಕಿ ಹತ್ತುವವನ ಗಡಿಯಾರ

ಪುಸ್ತಕದಲ್ಲಿ ಓದಿದ್ದಕ್ಕಿಂತ ಚೆನ್ನಾಗಿ ಇದು ನನಗೆ ಅರ್ಥವಾದದ್ದು ನಮ್ಮ ತೋಟಕ್ಕೆ ಕೊಯ್ಲಿಗೆ ಬರುವ ಅಣ್ಣನನ್ನು ನೋಡಿ. ಈಗ ಹೆಚ್ಚಿನ ಕಡೆ ಉದ್ದದ ದೋಟಿ ಬಂದಿದೆ, ನೆಲದಲ್ಲೇ ನಿಂತು ಕೊಯ್ಯುತ್ತಾರೆ. ಇವರು ಮಾತ್ರ ಇನ್ನೂ ಕಾಲಿಗೆ ತಳೆ, ಅಂದರೆ ಹಗ್ಗದ ಬಳೆ, ಹಾಕಿ ಹತ್ತುವವರು. ಒಂದು ದಿನ ಸುಮ್ನೆ ಮೊಬೈಲಿನಲ್ಲಿ ಸಮಯ ಹಿಡಿದೆ. ಬುಡದಿಂದ ಗೊನೆಯವರೆಗೆ 24 ಸೆಕೆಂಡು. ಮೊದಲ ಏಳೆಂಟು ಎಗರು ಒಂದೇ ತಾಳದಲ್ಲಿ, ಟಕ್ ಟಕ್ ಎಂದು. ಮೇಲಿನ ಮೂರು ನಾಲ್ಕು ಎಗರು ನಿಧಾನ, ಕಾಲು ಎತ್ತುವ ಮುಂಚೆ ಒಂದು ಸಣ್ಣ ತಡೆ. ಮೇಲೆ ಮುಟ್ಟಿದ ಮೇಲೆ ಮರಕ್ಕೆ ಮೊಣಕಾಲು ಒತ್ತಿ ಕೂತು, ಗೊನೆಗೆ ಕೈ ಹಾಕುವ ಮೊದಲು ಒಂದೂವರೆ ನಿಮಿಷ ಸುಮ್ಮನೆ. ಸೊಂಟದ ಚೀಲದಿಂದ ಎಲೆಯಡಿಕೆ ತೆಗೆದದ್ದೂ ಉಂಟು. ಆಮೇಲೆ ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟಿದರು. ಇಳಿದು ಮತ್ತೆ ಹತ್ತುವುದಕ್ಕಿಂತ ದಾಟುವುದು ಲಾಭ. ಯಾವ ಕೋಚೂ ಹೇಳಿಕೊಡದೆ ಅವರು ಮಾಡುತ್ತಿದ್ದದ್ದು ಲೆಕ್ಕ ಹಾಕಿದ ಇಂಟರ್ವಲ್ ಟ್ರೈನಿಂಗ್.

"ಮಧ್ಯೆ ಅಷ್ಟು ಹೊತ್ತು ಯಾಕಣ್ಣ ಕೂರುವುದು?" ಎಂದು ಕೇಳಿದೆ. "ಕೂರದಿದ್ದರೆ ಹತ್ತನೆಯ ಮರಕ್ಕೆ ಕೈ ಬಿಡ್ತದೆ" ಅಂದರು.

ಆಯ್ಕೆ ಒಂದು: ಗುಡ್ಡೆಯ ಎಂಟು ಸೆಕೆಂಡು

ಕ್ರಿಯಾಟಿನ್ ಫಾಸ್ಫೇಟಿನ ದಾರಿಯನ್ನು ಬಲಪಡಿಸಲು ಕಾಸು ಖರ್ಚಿಲ್ಲದ ಉಪಾಯ ಇದು. ನಮ್ಮಲ್ಲಿ ಗುಡ್ಡೆಗೆ ಬರವಿಲ್ಲ. ಪೊಸಡಿಗುಂಪೆಗೇ ಹೋಗಬೇಕೆಂದಿಲ್ಲ, ಮನೆ ಹಿಂದಿನ ಸಣ್ಣ ಏರು ಸಾಕು. ಎಂಟು ಸೆಕೆಂಡು ಶಕ್ತಿಮೀರಿ ಮೇಲಕ್ಕೆ ಓಡಿ, ನಿಧಾನಕ್ಕೆ ನಡೆದು ಇಳಿಯಿರಿ, ಎರಡರಿಂದ ಮೂರು ನಿಮಿಷ ಬಿಟ್ಟು ಇನ್ನೊಮ್ಮೆ. ನಾಲ್ಕು ಸಲದಿಂದ ಶುರು ಮಾಡಿ ಆರೆಂಟು ಸಲದವರೆಗೆ ಹೋಗಬಹುದು. ವಾರಕ್ಕೆ ಎರಡು ದಿನ ಸಾಕು.

ಸಮತಟ್ಟು ಮೈದಾನಕ್ಕಿಂತ ಗುಡ್ಡೆ ಒಳ್ಳೆಯದು ಅನ್ನುವುದು ನನ್ನ ಅನುಭವದ ಮಾತು. ಏರಿನಲ್ಲಿ ವೇಗ ತಾನಾಗಿ ತಗ್ಗುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ತೊಡೆಯ ಹಿಂಭಾಗ ಅಷ್ಟು ಚಾಚಿಕೊಳ್ಳುವುದಿಲ್ಲ, ನೆಲಕ್ಕೆ ಬಡಿಯುವ ಪೆಟ್ಟೂ ಕಡಿಮೆ. ಮೈಗೆ ಮಾತ್ರ ಜೋರು ಅಷ್ಟೇ ಇರುತ್ತದೆ.

ಇದರಲ್ಲಿ ಹೆಚ್ಚಿನವರು ಕೆಡುವುದು ಸುಧಾರಿಕೆಯಲ್ಲಿ. ಎಂಟು ಸೆಕೆಂಡು ಓಡಿ ಮೂರು ನಿಮಿಷ ನಿಂತರೆ ನೋಡಿದವರು ಸೋಮಾರಿ ಅಂದುಕೊಳ್ಳುತ್ತಾರೆ ಎಂಬ ನಾಚಿಕೆ. ಮೂವತ್ತೇ ಸೆಕೆಂಡಿಗೆ ಮತ್ತೆ ಓಡುತ್ತಾರೆ. ಆಗ ಅರ್ಧ ತುಂಬಿದ ಕೊಡದಲ್ಲೇ ನೀರು ಮೊಗೆದ ಹಾಗೆ. ಮೂರನೆಯ ಓಟಕ್ಕೆ ವೇಗ ಬಿದ್ದು ಅದು ಎರಡನೆಯ ದಾರಿಯ ವ್ಯಾಯಾಮ ಆಗಿಬಿಡುತ್ತದೆ. ಅದೂ ತಪ್ಪಲ್ಲ. ನೀವು ಬಯಸಿದ್ದು ಅದಲ್ಲ ಅಷ್ಟೆ.

ಅಪಾಯವನ್ನೂ ಹೇಳಬೇಕು. ಮೂವತ್ತೆಂಟನೆಯ ವಯಸ್ಸಿನಲ್ಲಿ, ಹತ್ತು ವರ್ಷದ ಮೇಲೆ ಮೊದಲ ಸಲ ಓಡಲು ಹೋದೆ. ಹಳೆಯ ಕಬಡ್ಡಿಯವ ಎಂಬ ಸೊಕ್ಕು. ಮೈ ಬಿಸಿ ಮಾಡಿಕೊಳ್ಳಲಿಲ್ಲ. ಎರಡನೆಯ ಓಟದಲ್ಲಿ ಯಾರೋ ಹಿಂದಿನಿಂದ ಕಲ್ಲು ಹೊಡೆದ ಹಾಗಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಮೀನಖಂಡದ ಸ್ನಾಯು ಹರಿದಿತ್ತು. ಐದು ವಾರ ಕುಂಟಿದೆ. ಈಗ ಹತ್ತು ನಿಮಿಷ ಚುರುಕು ನಡಿಗೆ, ಆಮೇಲೆ ಅರ್ಧ ವೇಗದ ಮೂರು ಓಟ, ಇದಾಗದೆ ಜೋರಿಗೆ ಕೈ ಹಾಕುವುದಿಲ್ಲ.

ಮಳೆಗಾಲದಲ್ಲಿ ಇದನ್ನು ಮರೆತುಬಿಡಿ. ವರ್ಷಕ್ಕೆ 3,500 ಮಿಲಿಮೀಟರ್ ಹತ್ತಿರ ಮಳೆ ಬೀಳುವ ಜಿಲ್ಲೆ ನಮ್ಮದು. ಜೂನ್ ಕಳೆದ ಮೇಲೆ ಮುರಕಲ್ಲಿನ ಮೇಲೆ ಹಾವಸೆ ಕಟ್ಟುತ್ತದೆ. ಅದರ ಮೇಲೆ ಓಡುವುದು ಧೈರ್ಯ ಅಲ್ಲ, ದಡ್ಡತನ.

ಆಯ್ಕೆ ಎರಡು: ಅರೆ ನಿಮಿಷದ ಉರಿ

ಹಗ್ಗ ಹಾರುವುದು, ಮೆಟ್ಟಿಲು ಹತ್ತುವುದು, ಸೈಕಲ್ಲು ತುಳಿಯುವುದು, ಕಬಡ್ಡಿ. ಇಪ್ಪತ್ತರಿಂದ ಅರುವತ್ತು ಸೆಕೆಂಡು ಜೋರು, ಒಂದರಿಂದ ನಾಲ್ಕು ನಿಮಿಷ ಸುಧಾರಿಕೆ. ಇಲ್ಲಿ ಕೆಲಸ ಮಾಡುವುದು ಬುಟ್ಟಿಯ ದಾರಿ.

ಕಬಡ್ಡಿಯಲ್ಲಿ ಒಂದು ರೈಡಿಗೆ 30 ಸೆಕೆಂಡು. ಪ್ರಯೋಗಾಲಯದಲ್ಲಿ ಅನೆರೋಬಿಕ್ ಬಲ ಅಳೆಯುವ ವಿಂಗೇಟ್ ಪರೀಕ್ಷೆ ಅಂತ ಒಂದಿದೆ. ಸೈಕಲ್ಲಿನ ಮೇಲೆ ಕೂರಿಸಿ ಶಕ್ತಿಮೀರಿ ತುಳಿಸುತ್ತಾರೆ. ಅದೂ 30 ಸೆಕೆಂಡೇ. ಕಾಕತಾಳೀಯವೇ ಇರಬಹುದು, ನನಗಂತೂ ಖುಷಿ. ಅಳಿಯನ ಆಟ ನೋಡಿದರೆ ಲೆಕ್ಕ ಕಣ್ಣಿಗೆ ಕಾಣುತ್ತದೆ. ಮೊದಲ ಎಂಟು ಹತ್ತು ಸೆಕೆಂಡು ಗೆರೆಯ ಆಚೀಚೆ ಚಿರತೆಯ ಹಾಗೆ. ಇಪ್ಪತ್ತು ದಾಟಿದ ಮೇಲೆ ಒದೆಯಲು ಎತ್ತಿದ ಕಾಲು ಒಂದು ಗೇಣು ಕೆಳಗೇ ಉಳಿಯುತ್ತದೆ. ಹಿಡಿಯುವವರು ಕಾಯುವುದು ಆ ಗೇಣಿಗೇ. ಅವನಿಗೆ ನಾನು ಹೇಳಿದ್ದು, ಹತ್ತು ಸೆಕೆಂಡಿನ ಓಟ ಎಷ್ಟು ಮಾಡಿದರೂ ಆ ಗೇಣು ವಾಪಸು ಬರುವುದಿಲ್ಲ, ಅರೆ ನಿಮಿಷದ್ದನ್ನೇ ಮಾಡಬೇಕು ಎಂದು.

ಇನ್ನೂ ಸ್ವಲ್ಪ ಮುಂದಿನ ಉದಾಹರಣೆ ಪಿ. ಟಿ. ಉಷಾ. ನಮ್ಮ ಕಾಸರಗೋಡು ಜಿಲ್ಲೆ ಹುಟ್ಟಿದ್ದು 1984ರ ಮೇ ತಿಂಗಳಲ್ಲಿ. ಅದೇ ವರ್ಷ ಲಾಸ್ ಏಂಜಲಿಸ್ ಒಲಿಂಪಿಕ್ಸಿನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಯ್ಯೋಳಿಯ ಉಷಾ ಓಡಿದ್ದು 55.42 ಸೆಕೆಂಡು. ಕಂಚು ತಪ್ಪಿದ್ದು ಸೆಕೆಂಡಿನ ನೂರನೆಯ ಒಂದು ಪಾಲಿನಲ್ಲಿ. 55 ಸೆಕೆಂಡು ಅಂದರೆ ಮೊದಲ ದಾರಿ ಎಂದೋ ಬತ್ತಿ, ಎರಡನೆಯದು ಉರಿಯುತ್ತಾ, ಮೂರನೆಯದರ, ಅಂದರೆ ಆಮ್ಲಜನಕದ ದಾರಿಯ, ಪಾಲು ಏರುತ್ತಿರುವ ಹೊತ್ತು. ಅದರ ಮೇಲೆ ಹತ್ತು ಹರ್ಡಲ್ ಬೇರೆ. ಓಟಗಾರರಿಗೆ ಅತಿ ಕಷ್ಟದ ದೂರ ಯಾವುದೆಂದು ಕೇಳಿದರೆ ಹೆಚ್ಚಿನವರು 400 ಮೀಟರ್ ಎನ್ನುವುದು ಸುಮ್ನೆ ಅಲ್ಲ.

ಮನೆಯಲ್ಲಿ ಮಾಡುವುದಾದರೆ ಹಗ್ಗ ಸಾಕು. ಜಗಲಿಯಲ್ಲಿ ಜಾಗವಿದ್ದರೆ ಮಳೆಗಾಲದ ತೊಂದರೆಯೂ ಇಲ್ಲ. ಮೊಣಕಾಲು ನೋವಿದ್ದವರಿಗೆ ಹಗ್ಗ ಬೇಡ, ಸೈಕಲ್ಲು ವಾಸಿ. ಹೊಟ್ಟೆ ತುಂಬ ತಿಂದು ಮಾಡಬೇಡಿ. ಈ ದಾರಿಯಲ್ಲಿ ವಾಕರಿಕೆ ಬರುವುದು ಮಾಮೂಲಿ.

ತಬಾಟಾ: ನಾಲ್ಕು ನಿಮಿಷದ ಕತೆ

ಅಳಿಯ ತೋರಿಸಿದ ವಿಡಿಯೊದಲ್ಲಿ ಒಬ್ಬರು ನಗುತ್ತಾ, ಮಾತಾಡುತ್ತಾ ಇಪ್ಪತ್ತು ಸೆಕೆಂಡು ಕೈಕಾಲು ಆಡಿಸಿ ಹತ್ತು ಸೆಕೆಂಡು ನಿಲ್ಲುತ್ತಿದ್ದರು. ಮಾತಾಡಲು ಆಗುತ್ತದೆ ಅಂದರೆ ಅದು ತಬಾಟಾ ಅಲ್ಲ.

ಜಪಾನಿನ ಇಝುಮಿ ತಬಾಟಾ ಮತ್ತು ಜೊತೆಗಾರರ ಅಧ್ಯಯನ ಹೊರಬಂದದ್ದು 1996ರಲ್ಲಿ. ಆರು ವಾರ, ವಾರಕ್ಕೆ ಐದು ದಿನ. ಯುವಕರನ್ನು ಸೈಕಲ್ ಯಂತ್ರದ ಮೇಲೆ ಕೂರಿಸಿ 20 ಸೆಕೆಂಡು ತುಳಿತ, 10 ಸೆಕೆಂಡು ಬಿಡುವು, ಹೀಗೆ ಏಳೆಂಟು ಸಲ. ತುಳಿತದ ಜೋರು ಅವರ ಮೈ ಆಮ್ಲಜನಕದಿಂದ ಒದಗಿಸಬಲ್ಲ ಗರಿಷ್ಠ ಮಟ್ಟಕ್ಕಿಂತ ಬಹಳ ಮೇಲೆ, ಆ ಮಟ್ಟದ ಸುಮಾರು ಶೇಕಡ 170ರಷ್ಟು. ಕೊನೆಗೆ ಕಾಲು ಏಳುತ್ತಿರಲಿಲ್ಲ. ಫಲಿತಾಂಶವೂ ಚೆನ್ನಾಗಿತ್ತು. ಅನೆರೋಬಿಕ್ ಸಾಮರ್ಥ್ಯ ಶೇಕಡ 28ರಷ್ಟು ಏರಿತು, ಆಮ್ಲಜನಕ ಬಳಸುವ ಸಾಮರ್ಥ್ಯವೂ ಏರಿತು. ಹೋಲಿಕೆಗೆಂದು ದಿನಕ್ಕೊಂದು ಗಂಟೆ ಸಾಧಾರಣ ವೇಗದಲ್ಲಿ ತುಳಿದವರಿಗೆ ಎರಡನೆಯದು ಮಾತ್ರ ಏರಿತು, ಮೊದಲನೆಯದು ಕದಲಲಿಲ್ಲ.

ಹಾಗಾಗಿ ಅಳಿಯನಿಗೆ ನನ್ನ ಉತ್ತರ: ನಾಲ್ಕು ನಿಮಿಷ ಸಾಕು, ನಿಜವಾದ ನಾಲ್ಕು ನಿಮಿಷ ಆದರೆ. ಹತ್ತೇ ಸೆಕೆಂಡಿನ ಬಿಡುವಿನಲ್ಲಿ ಮೊದಲ ದಾರಿ ತುಂಬುವುದೇ ಇಲ್ಲ, ಅದೇ ಅದರ ಗುಟ್ಟು. ಬಾವನಿಗೆ ನನ್ನ ಉತ್ತರ: ಬೇಡವೇ ಬೇಡ. ಸುಸ್ತಿನಲ್ಲಿ ಹೆಜ್ಜೆ ತಪ್ಪುವ ವ್ಯಾಯಾಮವನ್ನು ಬಿಪಿ ಗಡಿಯಲ್ಲಿರುವ, ಅಭ್ಯಾಸವಿಲ್ಲದ ಮನುಷ್ಯ ಮಾಡಬಾರದು. ವ್ಯಾಯಾಮ ಮುಗಿದ ಮೇಲೂ ದಿನವಿಡೀ ಕೊಬ್ಬು ಉರಿಯುತ್ತದೆ ಎಂದು ಆ ವಿಡಿಯೊದವರು ಹೇಳಿದ್ದನ್ನೂ ಸ್ವಲ್ಪ ಉಪ್ಪು ಕಡಿಮೆ ಮಾಡಿ ಉಣ್ಣಿ. ಆಮೇಲೂ ಒಂದಿಷ್ಟು ಉರಿಯುವುದು ಹೌದು, ಎರಡು ಗೋಳಿಬಜೆ ತಿಂದರೆ ಆ ಲೆಕ್ಕ ಚುಕ್ತಾ.

ಜಿಮ್ಮಾ, ದಂಡ ಬಸ್ಕಿಯಾ?

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ನಾಯುವಿಗೆ ಎರಡೂ ಒಂದೇ. ಐದಾರು ಸಲ ಮಾತ್ರ ಎತ್ತಲಾಗುವ ಭಾರ ಮೊದಲ ದಾರಿಯದ್ದು, ಹದಿನೈದು ಇಪ್ಪತ್ತು ಸಲ ಎತ್ತಿ ಉರಿ ಬರಿಸುವ ಭಾರ ಎರಡನೆಯದ್ದು. ಭಾರ ಏರಿಸುತ್ತಾ ಹೋಗಲು ಜಿಮ್ಮು ಸುಲಭ. ಮನೆಯಲ್ಲಿ ಮಾಡುವ ದಂಡ ಬಸ್ಕಿ ಕೆಲವು ತಿಂಗಳಲ್ಲಿ ಹಗುರವಾಗಿಬಿಡುತ್ತದೆ, ಆಗ ಬೆನ್ನಿಗೆ ಅಕ್ಕಿ ಚೀಲ ಕಟ್ಟಿಕೊಳ್ಳಬೇಕಾದೀತು. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ಕೆಲಸ ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜೊತೆಗೆ ವಾರಕ್ಕೆ 150ರಿಂದ 300 ನಿಮಿಷ ನಡಿಗೆಯಂಥ ಸಾಧಾರಣ ವ್ಯಾಯಾಮ. ಅಂದರೆ ಜೋರಿನದ್ದು ನಡಿಗೆಯ ಬದಲಿಗಲ್ಲ, ನಡಿಗೆಯ ಜೊತೆಗೆ.

ಒಂದು ಎಚ್ಚರಿಕೆ ಮಾತ್ರ ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಭಾರ ಎತ್ತುವಾಗ ಉಸಿರು ಹಿಡಿಯಬೇಡಿ. 1985ರಲ್ಲಿ ಕೆನಡಾದಲ್ಲಿ ಬಾಡಿಬಿಲ್ಡರುಗಳ ರಕ್ತನಾಳದೊಳಗೇ ಒತ್ತಡ ಅಳೆದು ನೋಡಿದರು. ಎರಡೂ ಕಾಲಿನಿಂದ ಭಾರ ಒತ್ತುವ ಹೊತ್ತಿನಲ್ಲಿ ಸರಾಸರಿ 320/250 ತೋರಿಸಿತು. ಗಟ್ಟಿಮುಟ್ಟಾದ ಯುವಕರು, ಅರೆಗಳಿಗೆಯ ಏರಿಕೆ, ತಡೆದುಕೊಂಡರು. ಬಾವನ ವಯಸ್ಸಿನವರು ಹಗುರ ಭಾರ ಹಿಡಿದು, ಎತ್ತುವಾಗ ಉಸಿರು ಬಿಟ್ಟು, ಇಳಿಸುವಾಗ ಎಳೆದುಕೊಳ್ಳುವುದನ್ನು ಮೊದಲು ಕಲಿಯಬೇಕು. ಅಲ್ಲಿ ಕಬಡ್ಡಿಯ ಉಸಿರು ನಡೆಯುವುದಿಲ್ಲ.

"ತೋಟದ ಕೆಲಸ ಮಾಡುತ್ತೇನಲ್ಲ, ಮತ್ತೆ ಇದೆಲ್ಲ ಯಾಕೆ?" ಎಂದು ಕೇಳುವವರೂ ಇದ್ದಾರೆ. ಯಾವ ಕೆಲಸ ಅನ್ನುವುದರ ಮೇಲೆ. ಮುರಕಲ್ಲು ಎತ್ತಿ ಲಾರಿಗೆ ತುಂಬುವವರಿಗೆ, ಗೊಬ್ಬರದ ಬುಟ್ಟಿ ಹೊತ್ತು ಏರು ಹತ್ತುವವರಿಗೆ ಬೇರೆ ಅನೆರೋಬಿಕ್ ಬೇಕಿಲ್ಲ, ಅವರಿಗೆ ಬೇಕಾದದ್ದು ನಿದ್ದೆ. ನನ್ನ ಹಾಗೆ ಪೈಪಿನ ತಿರುಪು ತಿರುಗಿಸಿ, ಬದುವಿನ ಮೇಲೆ ನಿಂತು ಕೈ ತೋರಿಸುವ ಕೃಷಿಕರು ಮಾತ್ರ ತಮ್ಮನ್ನು ತಾವು ಮೋಸ ಮಾಡಿಕೊಳ್ಳಬಾರದು.

ಡಬ್ಬಿಯ ಕ್ರಿಯಾಟಿನ್ ಪುಡಿ ಬಗ್ಗೆ ಹುಡುಗರು ಕೇಳುತ್ತಿರುತ್ತಾರೆ. ಅದು ಸುಳ್ಳು ಸರಕಲ್ಲ. ದಿನಕ್ಕೆ 3ರಿಂದ 5 ಗ್ರಾಂ ತಿಂದರೆ ಸ್ನಾಯುವಿನ ಶೇಖರಣೆ ಏರುತ್ತದೆ. ಮೀನು, ಮಾಂಸದಲ್ಲಿ ಕ್ರಿಯಾಟಿನ್ ತಾನಾಗಿ ಇರುವುದರಿಂದ, ಅದನ್ನು ತಿನ್ನದ ಮನೆಗಳ ಹುಡುಗರಿಗೆ ವ್ಯತ್ಯಾಸ ಹೆಚ್ಚು ಕಾಣಬಹುದು. ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಪುಡಿ ತಿನ್ನುತ್ತಿದ್ದರೆ ರಕ್ತಪರೀಕ್ಷೆಯ ಮುಂಚೆ ಹೇಳಿಬಿಡಿ, ವರದಿಯಲ್ಲಿ ಮೂತ್ರಪಿಂಡದ ಸ್ಥಿತಿ ತಿಳಿಯಲು ನೋಡುವ ಕ್ರಿಯಾಟಿನಿನ್ ಸ್ವಲ್ಪ ಏರಿ ಕಂಡು ಮನೆಯವರೆಲ್ಲ ಗಾಬರಿಯಾಗುವುದು ಬೇಡ.

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಮಾತು. ನಡೆದರೆ ಸಕ್ಕರೆ ಇಳಿಯುತ್ತದೆ, ಆದರೆ ತುಂಬ ಜೋರಿನ ವ್ಯಾಯಾಮ ಮಾಡಿದ ಕೂಡಲೇ ಅಳೆದರೆ ಏರಿ ಕಾಣಬಹುದು. ಅಡ್ರಿನಲಿನ್ ಉಕ್ಕಿ ಪಿತ್ತಜನಕಾಂಗ ಗ್ಲೂಕೋಸ್ ಬಿಡುವುದರಿಂದ ಹಾಗಾಗುತ್ತದೆ. ವ್ಯಾಯಾಮ ಕೆಟ್ಟದ್ದೆಂದು ಬಿಡಬೇಡಿ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಗಂಟೆಗಳ ನಂತರ ತೀರಾ ಇಳಿಯುವ ಅಪಾಯವೂ ಇದೆ, ಆ ದಿನ ಎರಡು ಸಲ ಹೆಚ್ಚಿಗೆ ಅಳೆಯಿರಿ. ಸಕ್ಕರೆಯಿಂದ ಕಣ್ಣಿನೊಳಗಿನ ರಕ್ತನಾಳಕ್ಕೆ ತೊಂದರೆಯಾಗಿದ್ದರೆ ಮುಕ್ಕಿರಿದು ಭಾರ ಎತ್ತುವುದು ಬೇಡ.

ಯಾರು ಯಾವುದಕ್ಕೆ ಹೋದರು

ಅಳಿಯ ಈಗ ಮಂಗಳವಾರ ಗುಡ್ಡೆ, ಶುಕ್ರವಾರ ಅರೆ ನಿಮಿಷದ ಓಟ ಆರು ಸಲ, ಉಳಿದ ದಿನ ಆಟ. ತಬಾಟಾವನ್ನು ಒಮ್ಮೆ ಸೈಕಲ್ಲಿನಲ್ಲಿ ನಿಜವಾಗಿ ಮಾಡಿಸಿದೆ. ಆರನೆಯ ಸಲಕ್ಕೆ ಸೈಕಲ್ಲಿನಿಂದ ಇಳಿದು ತೆಂಗಿನ ಬುಡಕ್ಕೆ ಒರಗಿ ಕೂತ. ಆಮೇಲೆ ಆ ವಿಡಿಯೊದ ಮಾತೆತ್ತಿಲ್ಲ.

ಬಾವ ಮೊದಲು ಡಾಕ್ಟರಿಗೆ ತೋರಿಸಿ, ಇಸಿಜಿ ಮಾಡಿಸಿಕೊಂಡು ಬಂದರು. ಆರು ವಾರ ಬರೀ ಚುರುಕು ನಡಿಗೆ. ಈಗ ಮನೆಯ ಹಿಂದಿನ ಏರಿನಲ್ಲಿ ಓಡುವುದಿಲ್ಲ, ಹತ್ತು ಸೆಕೆಂಡು ಬಿರುಸಾಗಿ ಹತ್ತುತ್ತಾರೆ, ಎರಡೂವರೆ ನಿಮಿಷ ನಿಧಾನಕ್ಕೆ ಇಳಿಯುತ್ತಾರೆ. ಐದು ಸಲ. ವಾರದ ಇನ್ನೊಂದು ದಿನ ಬಸ್ಕಿ, ಗೋಡೆಗೆ ಕೈಯೂರಿ ದಂಡ. ಜಿಮ್ಮಿಗೆ ಸೇರಲಿಲ್ಲ. ಮಳೆ ಶುರುವಾದರೆ ಏನು ಮಾಡುವುದೆಂದು ಕೇಳಿದರು. ಅವರ ಮನೆಗೆ ಮಾಳಿಗೆ ಇದೆ, ಹದಿನಾರು ಮೆಟ್ಟಿಲು. ಎಣಿಸಿ ಬಂದಿದ್ದೇನೆ.

ಇದನ್ನೆಲ್ಲ ಕೇಳುತ್ತಾ ಚಾವಡಿಯಲ್ಲಿ ಕೂತಿದ್ದ ಅಮ್ಮ, "ನನಗೆ ಯಾವುದೂ ಇಲ್ಲವಾ?" ಅಂದರು. ಅಮ್ಮನಿಗೆ 71. ಅವರಿಗೇ ಹೆಚ್ಚು ಬೇಕು ಎಂದು ಯಾರೂ ಹೇಳುವುದಿಲ್ಲ. ವಯಸ್ಸಾದಂತೆ ಮೊದಲು ಸೊರಗುವುದು ಸ್ನಾಯುವಿನ ಚುರುಕಿನ ಎಳೆಗಳು. ಕಾಲು ಜಾರಿದಾಗ ಸರಕ್ಕನೆ ಇನ್ನೊಂದು ಕಾಲು ಊರಿ ನಿಲ್ಲಿಸುವುದು ಅವೇ. ಗೋಡೆಗೆ ತಾಗಿಸಿ ಒಂದು ಗಟ್ಟಿ ಕುರ್ಚಿ ಇಟ್ಟೆ. ಕೈ ಊರದೆ ಬೇಗ ಎದ್ದು ನಿಲ್ಲುವುದು, ನಿಧಾನಕ್ಕೆ ಕೂರುವುದು, ಐದು ಸಲ. ಎರಡು ನಿಮಿಷ ಬಿಟ್ಟು ಇನ್ನೈದು. ಮೊದಲ ದಿನ ಮೂರನೆಯದಕ್ಕೇ ನನ್ನ ಭುಜ ಹಿಡಿದರು. ನಿನ್ನೆ ಐದೂ ಮುಗಿಸಿ, ಎರಡು ನಿಮಿಷ ಆಯಿತಾ ಎಂದು ಗೋಡೆಯ ಗಡಿಯಾರ ನೋಡುತ್ತಾ ಕೂತಿದ್ದರು.